ಸೂರು ತೆರೆಯುವ ಕಾರಿನ ಮೇಲೊಂದು ದೂರು

ಸೂರು ತೆರೆಯುವ ಕಾರುಗಳ ಮುಖ್ಯ ವಿನ್ಯಾಸಕರ ಸನ್ನಿಧಾನಕ್ಕೆ,

ಮಾನ್ಯರೇ,

ತಂಪು ದೇಶದ ತಂಪು ಕೋಣೆಯಲ್ಲಿ ಕುಳಿತಿರುವ ತಮಗೆ, ನೆರಳಿನಲ್ಲೇ ನಲವತ್ತೆರಡು ಡಿಗ್ರಿ ಕಾಯುತ್ತಿರುವ ನಮ್ಮ ಊರಿನಿಂದ, ಈಗಷ್ಟೇ ಬೆವರು ಒರೆಸಿಕೊಂಡ ಕೈಗಳ ನಮಸ್ಕಾರಗಳು. ತಾವೂ ತಮ್ಮ ಮನೆಯವರೂ ತಮ್ಮ ತಲೆಗೂದಲೂ ಕ್ಷೇಮವೆಂದು ನಂಬಿದ್ದೇನೆ. ನಮ್ಮ ಕಡೆ ತಲೆಗೂದಲೊಂದನ್ನು ಬಿಟ್ಟು ಉಳಿದೆಲ್ಲರೂ ಕ್ಷೇಮ.

ನಾನು ಲಾಂಡ್ರಿ ಅಂಗಡಿಯವನು. ಇಪ್ಪತ್ತಾರು ವರ್ಷಗಳಿಂದ ಈ ಊರಿನ ಧೂಳನ್ನು ಊರಿನವರ ಕಾಲರಿನಿಂದ ಬಿಡಿಸುತ್ತಾ ಬಂದಿರುವುದರಿಂದ, ಷರಟಿನ ಬೆನ್ನು ನೋಡಿ ಅದರ ಯಜಮಾನ ಯಾವ ರಸ್ತೆಯಲ್ಲಿ ಓಡಾಡಿದ್ದಾನೆಂದು ಹೇಳಬಲ್ಲೆ: ಸಿಮೆಂಟ್ ಗೋದಾಮಿನ ಕಡೆಯದು ಬೂದಿ, ಹೊಸ ರಸ್ತೆ ಅಗೆಯುತ್ತಿರುವ ಕಡೆಯದು ಕೆಂಪು, ಕಲ್ಲು ಪುಡಿ ಮಾಡುವ ಯಂತ್ರದ ಕಡೆಯದು ಎಷ್ಟು ಕುಕ್ಕಿದರೂ ಬಿಡದ ಒಂದು ಬಗೆಯ ಬಿಳಿ. ಇಷ್ಟು ವಿದ್ಯೆ ಇಟ್ಟುಕೊಂಡು ಸೂರು ತೆರೆಯುವ ಕಾರನ್ನು ಕೊಂಡವನಿಗೆ ಏನೆನ್ನಬೇಕು ಎಂಬುದನ್ನು ನನ್ನ ಹೆಂಡತಿ ಈಗಾಗಲೇ ನಾನಾ ವಿಧವಾಗಿ ಹೇಳಿ ಮುಗಿಸಿರುವುದರಿಂದ, ತಾವು ಆ ಶ್ರಮ ತೆಗೆದುಕೊಳ್ಳಬೇಕಾಗಿಲ್ಲ.

ಕೊಂಡದ್ದು ನನ್ನ ಅಕ್ಕನಿಗಾಗಿ. ಅಕ್ಕ ಮೂವತ್ತೊಂದು ವರ್ಷ ಒಂದು ಕಚೇರಿಯ ನೆಲಮಾಳಿಗೆಯಲ್ಲಿ, ಹಳೆಯ ಕಡತಗಳ ಕೋಣೆಯನ್ನು ನೋಡಿಕೊಂಡವಳು. ಕಿಟಕಿ ಇಲ್ಲ, ಕೈ ಎತ್ತಿದರೆ ತಾಗುವ ಸೂರು, ಅದರಲ್ಲೊಂದು ಟ್ಯೂಬ್‌ಲೈಟು, ಅದಕ್ಕೂ ಕಣ್ಣು ಮಿಟುಕಿಸುವ ಚಾಳಿ. ಹೊರಗೆ ಮಳೆ ಬಂದದ್ದು ಅವಳಿಗೆ ತಿಳಿಯುತ್ತಿದ್ದುದು ಕಡತ ಕೇಳಲು ಬಂದವರ ಒದ್ದೆ ಚಪ್ಪಲಿಯಿಂದ. ಅಪ್ಪ ಅಮ್ಮ ಬೇಗ ಹೋದ ಮೇಲೆ ನನ್ನನ್ನು ಓದಿಸಲು ನೋಡಿದವಳೂ, ವಿದ್ಯೆ ತಲೆಗೆ ಹತ್ತದೆ ಹೋದಾಗ ಬೈಯದೆ ಒಂದು ಇಸ್ತ್ರಿಪೆಟ್ಟಿಗೆ ಕೊಡಿಸಿದವಳೂ ಅವಳೇ. ನಿವೃತ್ತಿಗೆ ಒಂದು ತಿಂಗಳಿದ್ದಾಗ, ಕೊನೆಯ ದಿನಕ್ಕೆ ಏನು ಬೇಕೆಂದು ಕೇಳಿದೆ. "ಏನೂ ಬೇಡಪ್ಪಾ. ತಲೆ ಮೇಲೆ ಏನೂ ಇರಬಾರದು, ಅಷ್ಟೇ" ಎಂದಳು. ಬಹುಶಃ ಜವಾಬ್ದಾರಿಗಳ ವಿಷಯ ಹೇಳಿದ್ದಿರಬೇಕು. ನಾನು ಅದನ್ನು ಅಕ್ಷರಶಃ ತೆಗೆದುಕೊಂಡು ತಮ್ಮ ಷೋರೂಮಿಗೆ ಹೋದೆ.

ಅಲ್ಲಿ ಗೋಡೆಯ ಮೇಲಿನ ಚಿತ್ರದಲ್ಲಿ ಕಡಲ ದಂಡೆಯ ರಸ್ತೆಯಿತ್ತು, ಯಾರೂ ಕೆಮ್ಮುತ್ತಿರಲಿಲ್ಲ. ಗುಂಡಿ ಒತ್ತಿದರೆ ಹದಿನೆಂಟು ಸೆಕೆಂಡಿನಲ್ಲಿ ಆ ಕಪ್ಪು ಬಟ್ಟೆಯ ಸೂರು ತಾನೇ ಮಡಚಿಕೊಂಡು ಡಿಕ್ಕಿಯೊಳಗೆ ಹೋಗಿ ಮಲಗಿತು. "ಅದೇ ಅಲ್ಲಿ ಮಲಗಿದ್ರೆ ಸಾಮಾನು ಎಲ್ಲಿಡೋದು?" ಎಂದು ನನ್ನ ಹೆಂಡತಿ ಕೇಳಿದ್ದಕ್ಕೆ, ಮಾರಾಟ ವಿಭಾಗದ ಮಹನೀಯರು "ಮೇಡಂ, ಇದು ಸಾಮಾನು ಸಾಗಿಸೋ ಗಾಡಿಯಲ್ಲ, ಇದೊಂದು ಅನುಭವ" ಎಂದರು. ಅನುಭವ ನಮಗೆ ಆಮೇಲೆ ಆಯಿತು.

ಅಕ್ಕನ ಕೊನೆಯ ದಿನ, ಗತ್ತಿರಲಿ ಎಂದು ಸೂರು ತೆರೆದು, ಕಚೇರಿಯ ಮೆಟ್ಟಿಲೆದುರು ಬಿಸಿಲಿನಲ್ಲಿ ಒಂದು ಗಂಟೆ ಕಾರು ನಿಲ್ಲಿಸಿದ್ದೆ. ಬಿಸಿಯನ್ನು ಬೆರಳ ತುದಿಯಲ್ಲಿ ಅಳೆಯುವ ಕಸುಬಿನವನಾಗಿ ಹೇಳುತ್ತೇನೆ: ತಮ್ಮ ಕಪ್ಪು ಚರ್ಮದ ಸೀಟು ಹತ್ತಿ ಬಟ್ಟೆಗೆ ಹೇಳಿ ಮಾಡಿಸಿದಂತಿತ್ತು, ರೇಷ್ಮೆಗೆ ಸ್ವಲ್ಪ ಹೆಚ್ಚು, ಮನುಷ್ಯರಿಗೆ ತೀರಾ ಹೆಚ್ಚು. ನಾನು ಕುಳಿತ ಕ್ಷಣವೇ ನನ್ನ ಪ್ಯಾಂಟಿನ ಹಿಂಭಾಗದ ಸುಕ್ಕುಗಳೆಲ್ಲ ಮಾಯವಾದವು. ಅಕ್ಕ ಬುದ್ಧಿವಂತೆ, ಆಗತಾನೇ ಕೈಗೆ ಕೊಟ್ಟಿದ್ದ ಪ್ರಶಂಸಾಪತ್ರವನ್ನು ಕೆಳಗೆ ಹಾಕಿಕೊಂಡು ಅದರ ಮೇಲೆ ಕುಳಿತಳು.

ರಸ್ತೆ ಅಗೆಯುತ್ತಿರುವ ಕಡೆ ಬರುವ ಹೊತ್ತಿಗೆ ಸುಂಟರಗಾಳಿಯೆದ್ದಿತು. ಪಕ್ಕದಲ್ಲಿ ಹೊದಿಕೆಯಿಲ್ಲದ ಮರಳಿನ ಲಾರಿ. ನಾನು ಗುಂಡಿ ಒತ್ತಿದೆ. ಸೂರು ಅರ್ಧ ಎದ್ದು, ಆಕಳಿಸಲು ಬಾಯಿ ತೆರೆದು ನಡುವೆ ಮರೆತವರಂತೆ ನಿಂತು, ಕರ್ ಕರ್ ಎಂದು ಮರಳು ಅಗಿದು, ಮರಳಿ ಮಲಗಿತು. ಏಳು ಸಲ ಒತ್ತಿದೆ. ಲಾರಿಯ ಡ್ರೈವರು ಮೇಲಿನಿಂದ ಬಗ್ಗಿ, "ಯಜಮಾನ್ರೇ, ಮುಚ್ಚಳ ಎಲ್ಲೋ ಬೀಳಿಸ್ಕೊಂಡು ಬಂದಿದ್ದೀರಿ!" ಎಂದ. ಗಿರಾಕಿಯ ಕಣ್ಣಿಗೆ ಮಣ್ಣೆರಚುವ ಕಂಪನಿಗಳ ವಿಷಯ ಕೇಳಿದ್ದೆ. ಇಷ್ಟು ಪ್ರಾಮಾಣಿಕವಾಗಿ, ನಿಜವಾದ ಮಣ್ಣನ್ನೇ ಎರಚುವ ಕಂಪನಿ ತಮ್ಮದೊಂದೇ ಇರಬೇಕು. ಅಭಿನಂದನೆಗಳು.

ಅಕ್ಕನ ದಿನ ನನ್ನಿಂದ ಹಾಳಾಯಿತಲ್ಲ ಎಂದು ಅಳುವಂತಾಗಿ ತಿರುಗಿ ನೋಡಿದರೆ, ಹುಬ್ಬು ಕೆಂಪು, ರೆಪ್ಪೆ ಕೆಂಪು, ಹಲ್ಲಿನ ಮೇಲೂ ಕೆಂಪು. ಹಲ್ಲು ಕಂಡದ್ದು ಅವಳು ನಗುತ್ತಿದ್ದುದರಿಂದ. ಬಾಡಿಗೆ ಕಾರು ಕರೆಸುತ್ತೇನೆಂದೆ. "ಸುಮ್ನೆ ಓಡಿಸೋ. ಮೂವತ್ತೊಂದು ವರ್ಷ ಕಡತದ ಧೂಳು ತಿಂದಿದ್ದೀನಿ. ಇದು ಹೊಸ ಧೂಳು, ರುಚಿನೇ ಬೇರೆ" ಎಂದು ತಲೆಯನ್ನು ಹಿಂದಕ್ಕೆ ಚೆಲ್ಲಿ, ಮೇಲೆ ಸುತ್ತುತ್ತಿದ್ದ ಹದ್ದೊಂದನ್ನು ನೋಡುತ್ತಾ ಕುಳಿತಳು. ಮನೆ ಬಂದರೂ ಇಳಿಯಲಿಲ್ಲ. ಊರನ್ನು ಇನ್ನೂ ಎರಡು ಸುತ್ತು ಹಾಕಿಸಿದಳು.

ಆಮೇಲೆ ಎರಡು ತಿಂಗಳು ತಮ್ಮ ಸೂರು ಮುಚ್ಚಲೇ ಇಲ್ಲ. ದಿನವೂ ಬೆಳಿಗ್ಗೆ ಅಂಗಡಿಗೆ ನಾವು ಮೂವರೂ ಹೀಗೆ ಹೋಗುತ್ತಿದ್ದೆವು: ನಾನು ಒದ್ದೆ ಟವೆಲು ಸುತ್ತಿಕೊಂಡು, ಹೆಂಡತಿ ಹೆಲ್ಮೆಟ್ಟು ಹಾಕಿಕೊಂಡು, ಅಕ್ಕ ಬರಿದಲೆಯಲ್ಲಿ ಮಹಾರಾಣಿಯಂತೆ. ಅವಳ ಮೂಗಿನ ಸಿಪ್ಪೆ ಎರಡು ಸಲ ಸುಲಿಯಿತು. ಚರ್ಮದ ಡಾಕ್ಟರು ಕೊಟ್ಟ ಮುಲಾಮು ಧೂಳನ್ನು ಇನ್ನಷ್ಟು ಹಿಡಿದಿಡಲು ಅನುಕೂಲವಾಯಿತು.

ಮಾನ್ಯರೇ, ನನ್ನ ದೂರು ಇದಾವುದರ ಮೇಲೂ ಅಲ್ಲ. ಹೆಲ್ಮೆಟ್ಟಿನಿಂದ ಬೇಸತ್ತ ನನ್ನ ಹೆಂಡತಿ ಫೋನು ಮಾಡಿದ್ದಕ್ಕೆ ತಾವು ಒಬ್ಬ ಮೆಕ್ಯಾನಿಕನನ್ನು ಕಳಿಸಿದಿರಿ. ದೂರು ಅಲ್ಲಿಂದ ಶುರು. ಆತ ಸಂದಿಗೊಂದಿಯಿಂದ ಒಂದು ಬಕೆಟ್ ಮಣ್ಣು ತೆಗೆದು, ಹೊಸ ರಬ್ಬರು ಕೂರಿಸಿ, "ಸಾರ್, ಈ ಊರಲ್ಲಿ ಇದನ್ನ ತೆಗೀಲೇಬೇಡಿ, ಮುಚ್ಚೇ ಇಡಿ" ಎಂದು ಹೋದ. ಮರುದಿನ ಮಧ್ಯಾಹ್ನ ನಾನು, ನಾನೂ ಮನುಷ್ಯನಲ್ಲವೇ, ಗುಂಡಿ ಒತ್ತಿ ಎ.ಸಿ. ಹಾಕಿದೆ. ಸೂರು ಬೆಣ್ಣೆಯಂತೆ ಜಾರಿ ಬಂದು ಮುಚ್ಚಿಕೊಂಡಿತು. ಅಕ್ಕ ಅದನ್ನು ಹದಿನೆಂಟು ಸೆಕೆಂಡೂ ನೋಡಿದಳು. ಮುಂದಿನ ಸಿಗ್ನಲ್ಲಿನಲ್ಲಿ ಬಾಗಿಲು ತೆಗೆದು ಇಳಿದವಳು, ಉರಿಬಿಸಿಲಲ್ಲಿ ಮೂರು ಕಿಲೋಮೀಟರು ನಡೆದೇ ಮನೆ ಸೇರಿದಳು.

ಮತ್ತೆ ಮೂರು ವಾರ ಕಾರು ಹತ್ತಲಿಲ್ಲ. ಮುಚ್ಚುವುದಿಲ್ಲವೆಂದು ಆಣೆ ಮಾಡಿದೆ. ಅವಳು ಸಿಟ್ಟಿಲ್ಲದೆ ಹೇಳಿದಳು: "ಮುಚ್ಚೋಕೆ ಬರುತ್ತೆ ಅಂತ ಗೊತ್ತಾದ ಮೇಲೆ, ಯಾವಾಗ ಮುಚ್ತೀಯೋ ಅಂತ ನಿನ್ನ ಕೈಯನ್ನೇ ನೋಡ್ತಾ ಕೂರಬೇಕು. ಇನ್ನು ಆಕಾಶ ನೋಡೋದು ಯಾವಾಗ?" ತಮ್ಮ ಮೆಕ್ಯಾನಿಕನಿಗೆ ಫೋನು ಮಾಡಿ, ದಯವಿಟ್ಟು ಮೊದಲಿನ ಹಾಗೆ ಕೆಡಿಸಿಕೊಡಪ್ಪಾ ಎಂದು ಬೇಡಿಕೊಂಡೆ. "ಕೆಡಿಸೋಕೆ ನಮಗೆ ಪರ್ಮಿಷನ್ ಇಲ್ಲ ಸಾರ್, ಅದು ತಾನಾಗೇ ಕೆಡಬೇಕು" ಎಂದ. ಎಂಥ ಶಿಸ್ತು!

ಆದ್ದರಿಂದ ಹೋದ ಭಾನುವಾರ ಅಂಗಡಿಯ ದೊಡ್ಡ ಕತ್ತರಿ ತಂದು, ಅಕ್ಕ ಜಗಲಿಯ ಮೇಲೆ ಕುಳಿತು ನೋಡುತ್ತಿದ್ದಂತೆಯೇ, ತಮ್ಮ ಸೂರಿನ ಬಟ್ಟೆಯನ್ನು ಸುತ್ತಲೂ ಕತ್ತರಿಸಿದೆ. ತಡೆಯಲು ಬಂದಳೆಂದು ನಾನು ತಿಳಿದಿದ್ದ ಹೆಂಡತಿ ಇನ್ನೊಂದು ತುದಿ ಹಿಡಿದು, "ನೆಟ್ಟಗೆ ಕತ್ತರಿಸಿ, ದಾರ ಬಿಟ್ಟುಕೊಳ್ಳುತ್ತೆ" ಎಂದಳು. ಮುಗಿಯುವಷ್ಟರಲ್ಲಿ ಅಕ್ಕ ಮುಂದಿನ ಸೀಟಿನಲ್ಲಿದ್ದಳು. ಎಲ್ಲಿಗೆಂದು ಕೇಳಿದೆ. "ಮೊದಲು ನಡಿ" ಎಂದಳು.

ಮೋಡಗಳನ್ನು ರಫ್ತು ಮಾಡುವ ವಿಭಾಗ ತಮ್ಮಲ್ಲಿದ್ದರೆ ಒಂದೆರಡನ್ನು ಇತ್ತ ಕಳಿಸಿಕೊಡಬೇಕೆಂದೂ, ಮುಂದಿನ ಮಾದರಿಯಲ್ಲಿ ಆ ಗುಂಡಿಯನ್ನು ತಮ್ಮನ ಕೈಗೆ ಸಿಗದಂತೆ ಅಕ್ಕನ ಬದಿಗೆ ಇಡಬೇಕೆಂದೂ ವಿನಂತಿ. ಸೂರನ್ನು ಒಗೆದು, ಇಸ್ತ್ರಿ ಮಾಡಿ, ಮಡಚಿ ಈ ಪತ್ರದ ಜೊತೆ ಕಳಿಸಿದ್ದೇನೆ. ಬಟ್ಟೆ ಬಹಳ ಒಳ್ಳೆಯದು. ಬೇಕಾದ ಯಾರಿಗಾದರೂ ಹೊದಿಸಿ.

ತೆರೆದ ತಲೆಯಿಂದ, ತಮ್ಮ ವಿಶ್ವಾಸಿ,
ಲಾಂಡ್ರಿ ಅಂಗಡಿಯವನು

ತಾ.ಕ.: ಕಾರಿನೊಳಗಿನ ಗಾಳಿಯನ್ನು ಸುವಾಸಿತಗೊಳಿಸಲೆಂದು ತಾವು ಉಚಿತವಾಗಿ ಕಳಿಸಿದ ಅತ್ತರಿನ ಬಾಟಲಿ ತಲುಪಿತು. ನಮ್ಮ ಕಾರಿನಲ್ಲಿ ಒಳಗು ಎಲ್ಲಿಂದ ಶುರುವಾಗುತ್ತದೆಂದು ತಿಳಿಸಿದರೆ ಅಲ್ಲೇ ನೇತುಹಾಕುತ್ತೇವೆ.