ಒಂಬತ್ತನೇ ಕುಳಿಯ ಕರಿಕೆ

ಹುಲ್ಲು ನೋಡಿಕೊಳ್ಳುವ ಕೆಲಸದಲ್ಲಿ ನಗುವಂಥದ್ದೇನೂ ಇಲ್ಲ ಎಂದು ಮೊದಲಿನಿಂದಲೂ ಹೇಳುತ್ತ ಬಂದಿದ್ದೇನೆ. ಆದರೂ ವಾರಕ್ಕೊಂದು ಏನಾದರೂ ನಡೆಯುತ್ತದೆ, ಮತ್ತು ನಡೆಯುವ ಹೊತ್ತಿಗೆ ಸರಿಯಾಗಿ ನಾನು ಅಲ್ಲೇ ನಿಂತಿರುತ್ತೇನೆ.

ಪುಣೆ ಕಡೆಯ ಗಾಲ್ಫ್ ಮೈದಾನವೊಂದರಲ್ಲಿ ಬಹಳ ವರ್ಷ ದುಡಿದು ಇಂಡಿಗೆ ಮರಳಿದ್ದೆ. ಅದೇ ಹೊತ್ತಿಗೆ ನಮ್ಮೂರಿನ ದ್ರಾಕ್ಷಿ ಸಾವಕಾರರೊಬ್ಬರಿಗೆ ತಮ್ಮ ಹೊಲದಲ್ಲಿ ಒಂಬತ್ತು ಕುಳಿಯ ಗಾಲ್ಫ್ ಮೈದಾನ ಮಾಡಬೇಕೆನ್ನಿಸಿತು. ಈ ನಾಲ್ಕು ತಾಲೂಕಿನಲ್ಲಿ ಗಾಲ್ಫ್ ಬಲ್ಲವನು ನಾನೊಬ್ಬನೇ ಎಂದು ಅವರಿಗೆ ಯಾರೋ ಹೇಳಿದರು. ನಾನು ಚೆಂಡು ಹೊಡೆದವನೇ ಅಲ್ಲ. ಹೊಡೆದವರು ಕಿತ್ತ ನೆಲವನ್ನು ಮುಚ್ಚಿದವನು. ಸಾವಕಾರರನ್ನು ತಿದ್ದುವುದು ಸರಿಯಲ್ಲವೆಂದು ಕೆಲಸ ಒಪ್ಪಿಕೊಂಡೆ.

ಸಾವಕಾರರು ಒಂದು ವರ್ಷದ ಗಡುವು ಕೊಟ್ಟರು. ಬೆಂಗಳೂರಿನಿಂದ ಹುಲ್ಲಿನ ತಜ್ಞರು ಬರುತ್ತಾರೆ. ಅವರು ಒಪ್ಪಿದರೆ ಇಲ್ಲಿ ಸ್ಪರ್ಧೆ, ಒಪ್ಪದಿದ್ದರೆ ನಿಂಬೆ ತೋಟ. ಮಾತು ಹುಸಿಯಲ್ಲ ಎಂದು ತೋರಿಸಲು ನಿಂಬೆ ಸಸಿಗಳನ್ನು ಈಗಲೇ ತರಿಸಿ ಗೇಟಿನ ಪಕ್ಕದಲ್ಲಿ ಸಾಲಾಗಿ ಇಡಿಸಿದರು. ಅವಕ್ಕೆ ನೀರು ಹಾಕುವ ಕೆಲಸವೂ ನನ್ನದೇ ಆಯಿತು.

ಮೊದಲ ದಿನದ ಶ್ರದ್ಧೆ

ಗಾಲ್ಫ್ ಮೈದಾನಕ್ಕೆ ಹಾಕುವ ಹುಲ್ಲು ನಮ್ಮ ಗರಿಕೆಯ ದಾಯಾದಿ. ನಮ್ಮ ಕಡೆ ಅದಕ್ಕೆ ಕರಿಕೆ ಅನ್ನುತ್ತಾರೆ, ಅನ್ನುವಾಗ ಹಲ್ಲು ಕಡಿಯುತ್ತಾರೆ. ಜೋಳದ ಹೊಲಕ್ಕೆ ಅದಕ್ಕಿಂತ ದೊಡ್ಡ ಕಳೆ ಇಲ್ಲ.

ಹೊರಗಿನಿಂದ ಬಂದ ಹುಲ್ಲನ್ನು ಗಂಡಾಳುಗಳು ನೆಟ್ಟ ಮರುದಿನ, ಕಳೆ ತೆಗೆಯಲು ಹೆಣ್ಣಾಳುಗಳು ಬಂದರು. ಅವರ ಮುಂದಾಳು ಸಿಂದಗಿಯಲ್ಲಿ ಹುಟ್ಟಿ ಬೆಳೆದ ಹೆಂಗಸು. ಎಲ್ಲರೂ ಆಕೆಗೆ ದೊಡ್ಡವ್ವ ಅನ್ನುತ್ತಿದ್ದರು. ‘ಕಳೆ ತೆಗೆಯಿರಿ’ ಎಂದು ಹೇಳಿ ನಾನು ಪೈಪು ತರಲು ಪೇಟೆಗೆ ಹೋದೆ.

ಮಧ್ಯಾಹ್ನ ಬಂದು ನೋಡಿದರೆ ಮೈದಾನ ಕಪ್ಪಗೆ, ಸ್ವಚ್ಛವಾಗಿತ್ತು. ಹುಲ್ಲು ಬದುವಿನ ಮೇಲೆ ರಾಶಿ ಬಿದ್ದಿತ್ತು.

“ಏನ್ ಕರಿಕಿ ಬಿದ್ದಿತ್ರೀ ಸಾಹೇಬ್ರ!” ಅಂದಳು ದೊಡ್ಡವ್ವ. “ಒಂದ ಕಡ್ಡೀನೂ ಬಿಟ್ಟಿಲ್ಲ. ಬೇರ ಸಮೇತ ಕಿತ್ತೇವಿ.”

ನಾನು ಅದೇ ರಾಶಿಯ ಮೇಲೆ ಕುಳಿತು, ನಾವು ಬೆಳೆಸಬೇಕಾದದ್ದು ಇದನ್ನೇ ಎಂದು ತಿಳಿಸಿ ಹೇಳಿದೆ. ಅವಳು ಕೈಯ ಮಣ್ಣು ಕೊಡವಿ ಕೇಳಿದಳು:

“ಕರಿಕಿ ಬೆಳಸಾಕ ಪಗಾರ ಕೊಡ್ತಾರೇನ್ರಿ?”

“ಕೊಡ್ತಾರ.”

“ನಮ್ಮ ಅತ್ತಿ ಇರಬೇಕಾಗಿತ್ತು. ಹೊಲದಾಗ ಕರಿಕಿ ಬಿಟ್ಟೀದಿ ಅಂತ ಹಗಲೆಲ್ಲಾ ಬೈತಿದ್ಲು. ನಾ ಎಷ್ಟು ಮುಂದಿನ ವಿಚಾರ ಮಾಡಿದ್ದೆ ಅಂತ ಆಕಿಗೆ ತಿಳೀತಿತ್ತು.”

ಸಂಜೆಯೊಳಗೆ ಅಷ್ಟೂ ಹುಲ್ಲನ್ನು ಮತ್ತೆ ನೆಟ್ಟರು. ಗಂಡಾಳುಗಳು ನೆಟ್ಟಿದ್ದಕ್ಕಿಂತ ಸಾಲು ನೇರವಾಗಿತ್ತು ಎಂಬುದನ್ನು ದಾಖಲೆಗಾಗಿ ಹೇಳುತ್ತಿದ್ದೇನೆ.

ಮಾಸ್ತರರ ಹೆಂಟೆ

ಗಾಲ್ಫ್ ಕೋಲು ನೆಲಕ್ಕೆ ತಾಗಿದರೆ ಅಂಗೈ ಅಗಲದ ಹುಲ್ಲು ಮಣ್ಣಿನ ಸಮೇತ ಎದ್ದು ಹಾರುತ್ತದೆ. ಅದಕ್ಕೆ ನಾವು ಹೆಂಟೆ ಎನ್ನುತ್ತೇವೆ. ಕಿತ್ತವನೇ ಅದನ್ನು ತಂದು ಇದ್ದಲ್ಲೇ ಇಟ್ಟು, ಕಾಲಿನಿಂದ ಒತ್ತಬೇಕು. ಆಮೇಲೆ ಸಂದಿಗೆ ಉಸುಕು ತುಂಬುವುದು ನಮ್ಮ ಕೆಲಸ. ಈ ನಿಯಮ ಸಾವಕಾರರಿಗೂ ಅನ್ವಯ.

ಬಸವನ ಬಾಗೇವಾಡಿಯಿಂದ ನಿವೃತ್ತ ಮಾಸ್ತರರೊಬ್ಬರು ಆಟ ಕಲಿಯಲು ಬಂದರು. ಹೊಡೆದರು, ಮತ್ತೆ ಹೊಡೆದರು. ಚೆಂಡು ಇದ್ದಲ್ಲೇ ಇತ್ತು. ಅದರ ಸುತ್ತಲಿನ ಇಂಡಿ ತಾಲೂಕು ಮಾತ್ರ ಹಾರುತ್ತಿತ್ತು. ಉಸುಕಿನ ಚೀಲ ಹಿಡಿದು ಹಿಂದೆ ನಿಂತಿದ್ದ ದೊಡ್ಡವ್ವ ಕೊನೆಗೆ ಬಾಯಿ ತೆರೆದಳು.

“ಸರ, ಇನ್ನೊಂದ್ ನಾಕ ಏಟು ಸಾಲು ಹಿಡದು ಹೊಡೀರಿ. ತೊಗರಿ ಬಿತ್ತಿಬಿಡತೇನಿ.”

ಮಾಸ್ತರರು ತಿರುಗಿದರು. “ಸಿಂದಗಿ ಸಾಲ್ಯಾಗ ನನ್ನ ಕಡೆ ಕಲ್ತಾಕಿ ಅಲ್ಲೇನ ನೀನು? ಮಾಸ್ತರಗ ಹಿಂಗ ಮಾತಾಡ್ತಾರೇನು?”

“ಇಲ್ರಿ ಸರ, ತಪ್ಪಾತ್ರಿ. ಆದ್ರ ಹೆಂಟಿ ಇದ್ದಲ್ಲೇ ಇಡಬೇಕ್ರಿ.”

ಮಾಸ್ತರರು ಬಗ್ಗಿ ಒಂದೊಂದಾಗಿ ಇಟ್ಟರು. ಕೊನೆಯದನ್ನು ಬೇರು ಮೇಲೆ ಮಾಡಿ ಇಟ್ಟರು. ಈ ಮಾಸ್ತರರು ಹಿಂದೆ ತಪ್ಪು ಉತ್ತರ ಬರೆದ ಮಕ್ಕಳಿಂದ ಸರಿ ಉತ್ತರವನ್ನು ಹತ್ತು ಸಲ ಬರೆಸುತ್ತಿದ್ದರಂತೆ. ದೊಡ್ಡವ್ವ ಕೈಕಟ್ಟಿ ನಿಂತು ಹೇಳಿದಳು:

“ತಪ್ಪೈತ್ರಿ ಸರ. ಹತ್ತು ಸಲ ಇಡ್ರಿ.”

ಮಾಸ್ತರರು ಎಣಿಸಿ ಹತ್ತು ಸಲ ಇಟ್ಟರು. ಶಿಸ್ತು ಅಂದರೆ ಅದು.

ಗಣಪತಿಯ ಪಾಲು

ಚೌತಿಯ ಬೆಳಿಗ್ಗೆ ಒಬ್ಬ ಅಜ್ಜ ಬೇಲಿ ದಾಟಿ ಬಂದು, ನಾಲ್ಕನೇ ಕುಳಿಯ ಪಕ್ಕ ಕುಳಿತು ಪೂಜೆಗೆ ಇಪ್ಪತ್ತೊಂದು ಕರಿಕೆ ಎಸಳು ಆರಿಸುತ್ತಿದ್ದ. ಆಗ ದೂರದಿಂದ ಇಂಡಿಯ ಔಷಧಿ ಅಂಗಡಿಯವರು ಹೊಡೆದ ಚೆಂಡು ಅವನ ಮಗ್ಗುಲಿಗೆ ಬಂದು ಬಿತ್ತು. ದಿಬ್ಬ ಅಡ್ಡವಾಗಿ ಅವರಿಗೆ ಅಜ್ಜ ಕಾಣುತ್ತಿರಲಿಲ್ಲ. ನನಗೆ ಕಾಣುತ್ತಿದ್ದ. ಅಜ್ಜ ಚೆಂಡನ್ನು ಎತ್ತಿ, ಅಂಗಿಗೆ ಒರೆಸಿ, ಕುಳಿಯೊಳಗೆ ಇಟ್ಟು ನನ್ನ ಹತ್ತಿರ ಬಂದ.

“ಯಾರ್ದೋ ಬಿದ್ದಿತ್ತಪಾ. ಕಳದೀತು ಅಂತ ತೆಗ್ಗಿನ್ಯಾಗ ಇಟ್ಟೇನಿ, ಹೇಳು.”

ನಾನು ಹೇಳುವಷ್ಟರಲ್ಲಿ ಅಂಗಡಿಯವರು ದಿಬ್ಬ ಹತ್ತಿ ಬಂದು ಕುಳಿಯೊಳಗೆ ನೋಡಿ ಕುಣಿದುಬಿಟ್ಟಿದ್ದರು. ಒಂದೇ ಹೊಡೆತಕ್ಕೆ ಚೆಂಡು ಕುಳಿ ಸೇರುವುದು ಗಾಲ್ಫಿನಲ್ಲಿ ಜನ್ಮಕ್ಕೊಮ್ಮೆ ಆಗುವ ಮಾತು. ಅಂದು ಸಂಜೆ ಊರಿಗೆಲ್ಲ ಪೇಡೆ ಹಂಚಿದರು. ಅಜ್ಜನಿಗೂ ಎರಡು ಸಿಕ್ಕವು. ತಿನ್ನುತ್ತ ಅಜ್ಜ ನನ್ನನ್ನು ಕೇಳಿದ: “ಅಷ್ಟ ದೂರದಿಂದ ಹೊಡದು ಹಾಕಿದ್ರಂತ, ಖರೇನ?”

ಬೀಗರ ಉಡುಗೊರೆ

ಬೇಸಿಗೆ ಬಂತು. ಎಂಟು ಕುಳಿಯ ಹುಲ್ಲು ಹೇಗೋ ತಡೆದುಕೊಂಡಿತು. ಒಂಬತ್ತನೆಯದು ಕಲ್ಲುಹರಳಿನ ಗರಸು ನೆಲದ ದಿಬ್ಬ. ಅಲ್ಲಿಗೆ ಸಾವಕಾರರು ಪ್ರೀತಿಯಿಂದ ವಿದೇಶಿ ತಳಿ ತರಿಸಿ, ಅದರ ಹೆಸರನ್ನು ಹಲಗೆಯ ಮೇಲೆ ಬರೆಸಿದ್ದರು. ಅದು ಒಣಗಿ ಬಿಸ್ಕತ್ತಿನ ಬಣ್ಣಕ್ಕೆ ತಿರುಗಿತು. ಸಾವಕಾರರು ಊರಲ್ಲಿರಲಿಲ್ಲ. ಗೇಟಿನ ಬಳಿ ನಿಂಬೆ ಸಸಿಗಳು ಮಾತ್ರ ಹಸಿರಾಗಿ ನನ್ನನ್ನು ನೋಡುತ್ತಿದ್ದವು.

“ಸತ್ತದ್ದು ಸತ್ತೈತ್ರಿ,” ಅಂದಳು ದೊಡ್ಡವ್ವ. “ಮುದ್ದೇಬಿಹಾಳದಾಗ ನಮ್ಮ ಬೀಗರ ಹೊಲಾ ಐತಿ. ಅಲ್ಲೀ ಕರಿಕಿ ಬ್ಯಾಸಗಿ ಬಂದ್ರ ನಗತೈತಿ.”

“ಕೇಳಿದ್ರ ಕೊಡ್ತಾರೇನು?”

“ಕೇಳಿದ್ರ ಅಳತಾರ್ರಿ, ಖುಷೀಲೆ.”

ಟೆಂಪೋ ಮಾಡಿಕೊಂಡು ಹೋದೆವು. ಬೀಗರ ಮನೆಮಂದಿಯೆಲ್ಲ ನಮ್ಮ ಜೊತೆ ಹುಲ್ಲು ಅಗೆಯಲು ನಿಂತರು. ರೊಟ್ಟಿ, ಎಣ್ಣೆಗಾಯಿ ಬಡಿಸಿದರು. ದೊಡ್ಡವ್ವನಿಗೆ ಉಡಿ ತುಂಬಿದರು. ಟೆಂಪೋ ಹೊರಟ ಮೇಲೆ ಬೀಗರು ಕೈ ಬೀಸುತ್ತ ಹಿಂದೆ ಓಡಿ ಬಂದರು. ಮನಸ್ಸು ಬದಲಾಯಿತೇನೋ ಎಂದುಕೊಳ್ಳುತ್ತ ಟೆಂಪೋ ನಿಲ್ಲಿಸಲು ಹೇಳಿದೆ.

ಅವರ ಕೈಯಲ್ಲಿ ಇನ್ನೊಂದು ಹಿಡಿ ಕರಿಕೆ ಇತ್ತು. “ಇದೊಂದು ಉಳದಿತ್ತು ನೋಡ್ರಿ!”

ಪರೀಕ್ಷೆ

ಬೀಗರ ಕರಿಕೆಯನ್ನು ಒಂಬತ್ತನೇ ಕುಳಿಗೆ ನೆಟ್ಟೆವು, ವಿದೇಶಿ ಹೆಸರಿನ ಹಲಗೆ ಹಾಗೇ ಉಳಿಯಿತು. ಮಳೆ ಬಿದ್ದು ಹುಲ್ಲು ಕೂಡಿಕೊಂಡ ಮೇಲೆ ತಜ್ಞರು ಭೂತಗನ್ನಡಿ, ಚಾಕು, ಟಿಪ್ಪಣಿ ಪುಸ್ತಕ ಹಿಡಿದು ಬಂದರು. ಎಂಟು ಕುಳಿ ನೋಡಿ ಎಂಟು ಸಲ “ಪರವಾಗಿಲ್ಲ” ಅಂದರು. ಪ್ರತಿ ಸಲವೂ ಸಾವಕಾರರು ಗೇಟಿನ ಕಡೆ ತಿರುಗಿ ನೋಡಿದರು.

ಒಂಬತ್ತನೆಯದರಲ್ಲಿ ತಜ್ಞರು ಮಂಡಿಯೂರಿ ಕುಳಿತು ಹುಲ್ಲಿನ ಮೇಲೆ ಕೈಯಾಡಿಸಿದರು. ಆಮೇಲೆ ಕೋಲು ತೆಗೆದುಕೊಂಡು ಬೇಕೆಂದೇ ದೊಡ್ಡ ಹೆಂಟೆ ಕಿತ್ತರು. ದೊಡ್ಡವ್ವ ಅದನ್ನು ತಂದು ಕೂರಿಸಿ, ಒತ್ತಿ, ಉಸುಕು ತುಂಬಿ ಅಂಗೈಯಿಂದ ಸವರಿದಳು. ಪುಸ್ತಕದಲ್ಲಿ ಏನೋ ಬರೆದು ತಜ್ಞರು ತಲೆ ಎತ್ತಿದರು.

“ಎಲ್ಲಿದೆಯಮ್ಮಾ ಆ ಹೆಂಟೆ?”

“ನೀವ ಕಿತ್ತೀರಿ, ನೀವ ಹುಡುಕ್ರಿ.”

ಅವರು ಹುಡುಕಿದರು. ಸಿಗಲಿಲ್ಲ. ಜೀವನದಲ್ಲಿ ನನ್ನ ಎದೆ ಉಬ್ಬಿದ್ದು ಎರಡೋ ಮೂರೋ ಸಲ. ಇದು ಅದರಲ್ಲಿ ಒಂದು.

“ಇದು ಯಾವ ತಳಿ?” ಎಂದು ತಜ್ಞರು ಕೇಳಿದರು. ಸಾವಕಾರರು ಹಲಗೆ ನೋಡಿ ವಿದೇಶಿ ಹೆಸರು ಓದಿದರು. “ಅದಲ್ಲ, ಅದು ನನಗೆ ಗೊತ್ತು,” ಅಂದರು ತಜ್ಞರು. ಸಾವಕಾರರು ನನ್ನನ್ನು ನೋಡಿದರು. ನಾನು ನಿಂಬೆ ಸಸಿಗಳನ್ನು ನೋಡಿದೆ.

“ಕರಿಕಿ ರೀ ಅದು,” ಅಂದಳು ದೊಡ್ಡವ್ವ.

“ಹೇಗಮ್ಮಾ ಬೆಳೆಸಿದಿರಿ ಇದನ್ನ?”

“ಬೆಳಸೋದೇನ್ ಬಂತ್ರಿ? ನಮ್ಮ ಬೀಗರ ಮನಿಯಾಗ ಮೂರ ತಲಿಮಾರಿನವ್ರು ಇದನ್ನ ಕೊಲ್ಲಾಕ ನೋಡ್ಯಾರ. ಸತ್ತಿಲ್ಲ.”

ತಜ್ಞರು ನಗಲಿಲ್ಲ. ಹೀಗೆ ಬರೆದು ಸಹಿ ಮಾಡಿದರು: ‘ತಳಿ: ಸ್ಥಳೀಯ. ಬಾಳಿಕೆ: ಮೂರು ತಲೆಮಾರಿನಿಂದ ಪರೀಕ್ಷಿತ. ಸ್ಪರ್ಧೆಗೆ ಯೋಗ್ಯ.’ ಸಾವಕಾರರು ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಕೆಲಸ ತಪ್ಪಿದ ನಿಂಬೆ ಸಸಿಗಳನ್ನು, ಈಗ ಕಳೆಯಿಲ್ಲದೆ ಖಾಲಿಯಾಗಿದ್ದ ಬೀಗರ ಹೊಲಕ್ಕೆ ಕಳಿಸಿಕೊಟ್ಟರು.

ತಿಂಗಳೊಪ್ಪತ್ತಿನಲ್ಲಿ ಬೀಗರ ಫೋನು ಬಂತು. ದೊಡ್ಡವ್ವ ಎಲ್ಲರಿಗೂ ಕೇಳುವಂತೆ ಹಿಡಿದಳು.

“ನಿಂಬಿ ಛಲೋ ಹತ್ಯಾವವ್ವಾ. ಆದ್ರ ಬುಡದಾಗ ಆ ಕರಿಕಿ ಮತ್ತ ಎದ್ದೈತಿ. ಕೀಳಲೇನು?”

“ಮುಟ್ಟೀರಿ ಮತ್ತ!” ಅಂದಳು ದೊಡ್ಡವ್ವ. “ಅದಕ್ಕೀಗ ಸರ್ಟಿಫಿಕೇಟ್ ಐತಿ.”