ಸ್ಥಾಪಿಸುವುದೇ ನಮ್ಮತ್ತೆಯ ಕಸುಬು

ಧರ್ಮ ಸ್ಥಾಪಿಸಿದವರಿಗೆ ಗುಡಿ ಕಟ್ಟುತ್ತಾರೆ, ಊರು ಕಟ್ಟಿದವರಿಗೆ ಸರ್ಕಲ್ಲಿನಲ್ಲಿ ಪ್ರತಿಮೆ ನಿಲ್ಲಿಸುತ್ತಾರೆ. ನಮ್ಮ ಸೋದರತ್ತೆಗೆ ಕ್ಯಾಸಂಬಳ್ಳಿಯ ಜನ ಏನು ಮಾಡುತ್ತಾರೆ ಗೊತ್ತೇ? ಅವಳು ಬರುವುದು ಕಂಡರೆ ರಸ್ತೆ ದಾಟಿಬಿಡುತ್ತಾರೆ! ನಿಂತರೆ ಯಾವ ಹೊಸ ಸಂಘದ ಕಾರ್ಯದರ್ಶಿಯಾಗಬೇಕೋ, ಯಾರಿಗೆ ಗೊತ್ತು?

ಮೊದಲು ಸ್ಥಾಪಿಸಿದ್ದು ಮೌನ ಸಂಘ. ಹಾಲಿನ ಡೈರಿಯ ಸಾಲಿನಲ್ಲಿ ಚಾಡಿಮಾತು ಜಾಸ್ತಿಯಾಯಿತಂತೆ. ಉದ್ಘಾಟನೆಯ ದಿನ ಮೌನದ ಮಹಿಮೆಯ ಬಗ್ಗೆ ಅತ್ತೆ ಒಂದೂವರೆ ಗಂಟೆ ಮಾತಾಡಿದಳು. ಸಂಘ ಅವತ್ತೇ ಮುಚ್ಚಿತು.

ಆಮೇಲೆ ಧರ್ಮವನ್ನೇ ಸ್ಥಾಪಿಸಿದಳು. ಅದಕ್ಕೆ ಇದ್ದದ್ದು ಒಂದೇ ಕಟ್ಟಳೆ: ‘ಉಂಡು ಜಗಳಾಡು.’ ಕಿತ್ತಾಡುವ ಗಂಡ ಹೆಂಡಿರನ್ನು ಎಳೆದು ತಂದು ಮುದ್ದೆ, ಸೊಪ್ಪಿನ ಸಾರು ಬಡಿಸುತ್ತಿದ್ದಳು. ಎರಡು ಮುದ್ದೆ ಇಳಿದ ಮೇಲೆ ಕೈ ಎತ್ತುವ ತ್ರಾಣ ಯಾರಿಗಿರುತ್ತದೆ? ಧರ್ಮ ಬಲು ಬೇಗ ಹಬ್ಬಿತು. ಕೆಲವರಂತೂ ಮಧ್ಯಾಹ್ನ ಹನ್ನೆರಡೂವರೆಗೆ ಸರಿಯಾಗಿ ಅತ್ತೆಯ ಜಗಲಿಗೇ ಬಂದು ಜಗಳ ಶುರು ಮಾಡತೊಡಗಿದರು! ರಾಗಿ ಮುಗಿಯಿತು, ಧರ್ಮವೂ ಮುಗಿಯಿತು.

ಮೂರನೆಯದು ಶಾಲೆ, ಹೆಬ್ಬೆಟ್ಟು ಒತ್ತುವ ಹೆಂಗಸರಿಗೆ, ಡೈರಿಯ ಪಡಸಾಲೆಯಲ್ಲಿ. ಬಂಗಾರಪೇಟೆಯಲ್ಲಿ ಟ್ಯೂಷನ್ ಹೇಳುವ ನಾನೇ ಮೇಷ್ಟ್ರು.

“ನಂಗೆ ಪುರುಸೊತ್ತಿಲ್ಲ ಅತ್ತೆ.”

“ಪುರುಸೊತ್ತು ಯಾರ್ಗೈತೆ? ನನ್ ಅಸೂಗೈತಾ? ಭಾನುವಾರ ಬಾ.”

ಹೋದೆ. ಹನ್ನೊಂದು ಜನ ವಿದ್ಯಾರ್ಥಿನಿಯರು. ಮುಂದಿನ ಸಾಲಿನಲ್ಲಿ ಸಂಸ್ಥಾಪಕಿಯೇ ಸ್ಲೇಟು ಹಿಡಿದು ಕೂತಿದ್ದಳು. ಅವಳಿಗೂ ಒಂದಕ್ಷರ ಬರುತ್ತಿರಲಿಲ್ಲ! ಮೂರು ತಿಂಗಳಿಗೆ ಪರೀಕ್ಷೆ ಮಾಡಿದೆ. ಹತ್ತು ಜನ ಪಾಸು, ಸಂಸ್ಥಾಪಕಿ ಫೇಲು.

“ಇಸ್ಕೂಲು ಕಟ್ದೋಳ್ನೇ ಫೇಲ್ ಮಾಡ್ತೀಯೇನೇ?”

“ಕಟ್ಟಿದ್ದು ಸರಿ ಅತ್ತೆ. ಬರೆದಿದ್ದು ತಪ್ಪು.”

ಅತ್ತೆ ಸ್ಲೇಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎದ್ದಳು. ಆಮೇಲೆ ಊರೆಲ್ಲ ಹೆಮ್ಮೆಯಿಂದ ಸಾರಿಕೊಂಡು ಬಂದಳು: “ನಮ್ ಇಸ್ಕೂಲು ಭಾರಿ ಕಟ್ನಿಟ್ಟು! ನನ್ನೇ ಫೇಲ್ ಮಾಡವ್ರೆ!” ಮಾರನೆಯ ದಿನದಿಂದ ಮತ್ತೆ ‘ಅ’ಕಾರದಿಂದ ಶುರು ಮಾಡಿದಳು. ಹಾಲು ಕರೆಯುತ್ತ ಕಾಗುಣಿತ ಒಪ್ಪಿಸಿದಳು, ಕೊಟ್ಟಿಗೆಯ ಗೋಡೆ ತುಂಬ ಸೀಮೆಸುಣ್ಣದಲ್ಲಿ ಗೀಚಿದಳು. ಮತ್ತೆ ಮೂರು ತಿಂಗಳಿಗೆ ಪಾಸಾದಳು.

ಶಾಲೆಗೆ ಬೋರ್ಡು ಬೇಡವೇ? ಪೇಂಟರ್ ಬಂದು ಕೇಳಿದ, “ಯಾರೆಸ್ರು ಬರೀಲಮ್ಮಾ, ನಿಮ್ದೇನಾ?”

“ನಂದ್ಯಾಕೆ? ನಮ್ಮವ್ವಂದು ಬರಿ.”

“ಏನವ್ರೆಸ್ರು?”

ಅತ್ತೆ ನನ್ನ ಕಡೆ ತಿರುಗಿದಳು. ನನಗೆಲ್ಲಿಂದ ಗೊತ್ತು? ಅಜ್ಜಿ ತೀರಿಕೊಂಡಾಗ ಅತ್ತೆಗೆ ಆರು ವರ್ಷ, ನಮ್ಮಪ್ಪ ಇನ್ನೂ ತೊಟ್ಟಿಲಲ್ಲಿ. ಮಕ್ಕಳಿಗೆ ಅವಳು ಅವ್ವ, ತಾತನಿಗೆ ‘ಏ ಇವಳೇ’. ಹೆಸರು ಯಾರಿಗೂ ಗೊತ್ತಿರಲಿಲ್ಲ.

“ನಾಳೆ ಬಾರಪ್ಪಾ” ಎಂದು ಪೇಂಟರನನ್ನು ಕಳಿಸಿದವಳೇ ನನ್ನನ್ನು ಊರಿಗಾಂ ಬಸ್ಸಿಗೆ ಹತ್ತಿಸಿ ತಾನೂ ಹತ್ತಿದಳು. ಅಲ್ಲಿನ ಚಿನ್ನದ ಗಣಿಯ ಕೂಲಿ ಲೈನುಗಳಲ್ಲಿ ಅಜ್ಜಿಯ ತಂಗಿ ಇನ್ನೂ ಬದುಕಿದ್ದಳು. ತೊಂಬತ್ತು ದಾಟಿದ ಮುದುಕಿ.

“ಚಿಕ್ಕವ್ವಾ, ನಮ್ಮವ್ವನ ಎಸ್ರೇನೇ?”

“ಅಕ್ಕಾ ಪೇರಾ?” ಅಕ್ಕನ ಹೆಸರಾ ಎಂದಳು. ಲೈನಿನ ತಮಿಳು ಮುದುಕಿಯ ಬಾಯಲ್ಲಿ ಇಳಿದುಬಿಟ್ಟಿತ್ತು. ಕಣ್ಣು ಮುಚ್ಚಿಕೊಂಡು ಹೇಳಿದಳು: “ಮುನಿವೆಂಕಟಮ್ಮ.”

ಮಾರನೆಯ ದಿನ ಅತ್ತೆ ಪೇಂಟರನ ಕೈಯಿಂದ ಕುಂಚ ಕಿತ್ತುಕೊಂಡಳು. “ಬಿಡಪ್ಪಾ, ನಾನೇ ಬರೀತೀನಿ.” ಆರಕ್ಷರಕ್ಕೆ ಅರ್ಧ ಗಂಟೆ ಹಿಡಿಯಿತು. ಒಂದೊಂದೂ ಒಂದೊಂದು ದಿಕ್ಕಿಗೆ ವಾಲಿತ್ತು, ಬಣ್ಣ ಮೊಣಕೈವರೆಗೆ ಇಳಿದಿತ್ತು. ಆಮೇಲೆ ಒಂದೊಂದರ ಕೆಳಗೂ ಬೆರಳಾಡಿಸುತ್ತ ಜೋರಾಗಿ ಓದಿದಳು: “ಮು... ನಿ... ವೆಂ... ಕ... ಟ... ಮ್ಮ.”

ಓದಿದವಳು ತಟ್ಟನೆ ನಾಲಗೆ ಕಚ್ಚಿಕೊಂಡು ಸೆರಗನ್ನು ತಲೆ ಮೇಲೆ ಎಳೆದುಕೊಂಡಳು.

“ಅಯ್ಯೋ, ಅವ್ವನ್ನ ಎಸ್ರಿಡ್ದು ಕೂಗ್ಬಿಟ್ನಲ್ಲೇ! ಬಯ್ತಾಳೆ ಕಣೇ...”

ಬೈಗುಳಕ್ಕೆ ಕಾಯುವವಳಂತೆ ಬೋರ್ಡಿನ ಮುಂದೆಯೇ ನಿಂತಳು, ಬಹಳ ಹೊತ್ತು.