ಹುಳ ಹಣ್ಣಾದ ದಿನದ ಹಾಜರಿ

ನಿಯಮ ಮಾಡುವಾಗ ಮೇಷ್ಟರುಗಳಾದ ನಮ್ಮ ಮುಖ ಬಹಳ ಗಂಭೀರವಾಗಿರುತ್ತದೆ. ಅದು ಪೋಷಕರ ಕೈಗೆ ಸಿಕ್ಕಮೇಲೆ ಏನಾಗುತ್ತದೆ ಎನ್ನುವುದು ಮಾತ್ರ ನಮ್ಮ ಹಿಡಿತದಲ್ಲಿಲ್ಲ. ತೂಬಗೆರೆ ಕಡೆಯ ಹೈಸ್ಕೂಲೊಂದರಲ್ಲಿ ಹತ್ತನೇ ತರಗತಿಯ ಕ್ಲಾಸ್ ಟೀಚರ್ ಆದ ನನಗೆ ಪ್ರತಿವರ್ಷ ಇದರ ಅನುಭವ ಆಗುತ್ತಲೇ ಇರುತ್ತದೆ. ಈ ವರ್ಷದ್ದನ್ನು ಹೇಳುತ್ತೇನೆ.

ಅಜ್ಜಿ ಬಂದರು

ಹೇಳದೆ ಕೇಳದೆ ಶಾಲೆ ತಪ್ಪಿಸಿಕೊಂಡ ಮಗು ಮಾರನೆಯ ದಿನ ಮನೆಯ ಹಿರಿಯರನ್ನು ಕರೆದುಕೊಂಡೇ ಬರಬೇಕು ಎಂದು ಜೂನ್‌ನಲ್ಲೇ ಸಭೆ ಕರೆದು ಹೇಳಿದ್ದೆವು. ಹಾಗೆ ಮೊದಲು ಬಂದವಳು ನನ್ನ ತರಗತಿಯ ಚುರುಕು ಹುಡುಗಿ. ಜೊತೆಗೆ ಅವಳ ಅಜ್ಜಿ. ಅವರದು ರೇಷ್ಮೆ ಸಾಕುವ ಮನೆ.

"ಯಾಕೆ ಕಳಿಸಲಿಲ್ಲ?" ಎಂದೆ.

"ಹುಳ ಹಣ್ಣಾಗಿತ್ತು ಮೇಡಂ" ಎಂದರು ಅಜ್ಜಿ.

ಹುಳ ಸೊಪ್ಪು ತಿನ್ನುವುದನ್ನು ಬಿಟ್ಟು ಗೂಡು ಕಟ್ಟಲು ಸಿದ್ಧವಾಯಿತೆಂದರೆ ಮನೆಮಂದಿಯೆಲ್ಲ ಕೂತು ಅದನ್ನು ಆಯ್ದು ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿಗೆ ಬಿಡಬೇಕು. ತಡಮಾಡಿದರೆ ಬೆಳೆ ಹಾಳು. ಇದು ಗೊತ್ತಿದ್ದೂ ನನಗೆ ರೇಗಿತು. "ಭಾನುವಾರ ಹಣ್ಣಾಗೋಕೆ ಹೇಳಿ ಆ ಹುಳಗಳಿಗೆ!"

ಅಜ್ಜಿ ನಗಲಿಲ್ಲ. "ಎಲ್ಲಿ ಕೇಳ್ತವೆ ಮೇಡಂ? ನಿಮ್ಮ ಮಾತು ಈ ಮಕ್ಕಳು ಕೇಳ್ತವಾ?"

ಅಪ್ಪನಿಗೆ ಮೆಸೇಜು

ಮುಂದಿನ ಬೆಳೆಗೂ ಹುಡುಗಿ ನಾಪತ್ತೆ. ಅವಳಪ್ಪ ದಾಬಸ್‌ಪೇಟೆಯ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದಾರೆ. "ನಿಮ್ಮ ಮಗಳು ಇಂದು ಶಾಲೆಗೆ ಗೈರು" ಎಂದು ಅವರ ಮೊಬೈಲಿಗೆ ಮೆಸೇಜು ಹಾಕಿದೆ. ಕೈಮುಗಿದ ಚಿತ್ರವೊಂದು ಬಂತು. ಸಿಟ್ಟಿನಿಂದ ಫೋನ್ ಮಾಡಿದೆ.

"ಗೊತ್ತು ಮೇಡಂ, ನನ್ನ ಪಕ್ಕದಲ್ಲೇ ಕೂತವ್ಳೆ. ನಾನೂ ಡ್ಯೂಟಿಗೆ ಹೋಗಿಲ್ಲ. ನಮ್ಮ ಸೂಪರ್‌ವೈಸರ್‌ಗೂ ನೀವೇ ಒಂದು ಮೆಸೇಜು ಹಾಕ್ಬಿಡ್ತೀರಾ?"

ನಾನು ಹೋದೆ

ಆಮೇಲೆ ನಗು ಬರಲಿಲ್ಲ. ಹಾಜರಾತಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ; ಜ್ವರದಲ್ಲೂ ಬಹಳ ದಿನ ಮಲಗಿದ್ದ ಅವಳದು ಆಗಲೇ ಅಂಚಿಗೆ ಬಂದಿತ್ತು. ಹುಡುಗಿಗೆ ಪಿಯುಸಿಯಲ್ಲಿ ಸೈನ್ಸ್ ಓದುವ ಆಸೆ. ಇನ್ನೊಂದು ಬೆಳೆಗೆ ಮನೆಯಲ್ಲಿ ಉಳಿದಳೆಂದರೆ ಅವಳ ವರ್ಷವೇ ಹೋಗುತ್ತಿತ್ತು. ನನಗೆ ನಿಜವಾಗಿಯೂ ಭಯವಾಗಿತ್ತು. ಮತ್ತೆ ಹುಳ ಹಣ್ಣಾಗಿದೆ ಎಂದು ತಿಳಿದ ಬೆಳಿಗ್ಗೆ ಸೀದಾ ಅವರ ಮನೆಗೇ ಹೋದೆ.

"ಕರ್ಕೊಂಡೋಗಿ ಮೇಡಂ, ಬೇಡ ಅಂದೋರ್ಯಾರು? ಆದ್ರೆ ಅವಳ ಕೆಲಸ ಮಾಡೋರ್ಯಾರು? ಆಳುಗಳೆಲ್ಲ ಫ್ಯಾಕ್ಟರಿಗೆ ಹೋಗ್ತಾರೆ" ಎಂದರು ಅಜ್ಜಿ.

"ಅವಳು ಶಾಲೆಗೆ ಹೋಗಲಿ, ನಾನು ಮಾಡ್ತೀನಿ" ಎಂದುಬಿಟ್ಟೆ.

ಹುಡುಗಿ ಬ್ಯಾಗು ಎತ್ತಿಕೊಂಡು ಓಡಿದಳು. ನಾನು ಸೆರಗು ಸಿಕ್ಕಿಸಿ ಕೂತೆ. ಒಂದು ಗಂಟೆಯ ಕೆಲಸ ಅಂದುಕೊಂಡಿದ್ದೆ. "ಇದು ಹಣ್ಣಾಗಿಲ್ಲ, ವಾಪಸ್ ಹಾಕಿ." "ಅಯ್ಯೋ, ಮೆತ್ತಗೆ ಹಿಡೀರಿ, ಸತ್ತೋಯ್ತದೆ!" ಸಂಜೆಯವರೆಗೂ ಅಜ್ಜಿಯಿಂದ ಬೈಸಿಕೊಂಡೆ. ಹೊರಗೆ ತೂಗುಹಾಕಿದ್ದ ಬ್ಯಾಗಿನೊಳಗೆ ಹೆಡ್‌ಮಾಸ್ಟರ ಕರೆಗೆ ನನ್ನ ಫೋನು ಬಡಿದುಕೊಂಡಿದ್ದು ಗೊತ್ತೇ ಆಗಲಿಲ್ಲ.

ಮಾರನೆಯ ದಿನ ಹೆಡ್‌ಮಾಸ್ಟರು ನನ್ನನ್ನು ನಿಲ್ಲಿಸಿಕೊಂಡು "ರಜೆಯನ್ನೂ ಹಾಕದೆ ಎಲ್ಲಿ ಹೋಗಿದ್ರಿ?" ಎನ್ನುತ್ತಿರುವಾಗಲೇ ಬಾಗಿಲಲ್ಲಿ ಅಜ್ಜಿ ಕಾಣಿಸಿಕೊಂಡರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ನನ್ನ ಪಕ್ಕ ನಿಂತು ಕೈಮುಗಿದರು.

"ಬೈಬೇಡಿ ಸಾರ್, ಇವರದೇನೂ ತಪ್ಪಿಲ್ಲ. ನಿನ್ನೆ ನಮ್ಮನೇಲಿ ಹುಳ ಹಣ್ಣಾಗಿತ್ತು. ತಪ್ಪಿಸಿಕೊಂಡೋರ ಜೊತೆ ಹಿರಿಯರು ಬರಬೇಕಂತಲ್ಲ, ಅದಕ್ಕೇ ಬಂದೆ."

ಹೆಡ್‌ಮಾಸ್ಟರು ನನ್ನನ್ನೇ ನೋಡಿದರು. ನಾನು ನೆಲ ನೋಡಿದೆ. "ಇನ್ನೊಂದು ಸಲ ಹೀಗಾಗಬಾರದು" ಎಂದು ಅವರು ಅಭ್ಯಾಸಬಲದಿಂದ ಹೇಳಿಬಿಟ್ಟರು.

"ಖಂಡಿತ ಆಗಲ್ಲ ಸಾರ್" ಎಂದರು ಅಜ್ಜಿ. "ಎಷ್ಟು ಕೂಲಿ ಕೇಳಿದ್ರೂ ಸರಿ, ಇನ್ಮೇಲೆ ಆಳೇ ಕರೀತೀವಿ. ಪರೀಕ್ಷೆ ಮುಗಿಯೋವರ್ಗೂ ನಮ್ಮ ಹುಡುಗಿ ಒಂದಿನಾನೂ ತಪ್ಪಿಸಲ್ಲ. ಅವಳನ್ನ ಮನೇಲಿ ನಿಲ್ಲಿಸ್ಕೊಂಡ್ರೆ ಮತ್ತೆ ಈ ಮೇಡಂ ಬಂದು ಕೂತ್ಬಿಡ್ತಾರೆ, ನಮ್ಮ ಹುಳ ಉಳಿಯಲ್ಲ!"